ಬೆರಳಲ್ಲಿ 98, ರಕ್ತದಲ್ಲಿ 10.6: ಓಟಗಾರ್ತಿಯ ತಂದೆಯ ಪ್ರಶ್ನೆಗೆ ಉತ್ತರ

ಪ್ರಶ್ನೆ: ನನ್ನ ಮಗಳಿಗೆ ಹದಿನೇಳು ವರ್ಷ. ಪಿಯುಸಿ ಓದುತ್ತಿದ್ದಾಳೆ. 1500 ಮತ್ತು 3000 ಮೀಟರ್ ಓಡುತ್ತಾಳೆ, ರಾಜ್ಯ ಮಟ್ಟದ ಕೂಟದಲ್ಲಿ ಪದಕ ಗೆದ್ದಿದ್ದಾಳೆ. ಮೂರ್ನಾಲ್ಕು ತಿಂಗಳಿಂದ ಕೊನೆಯ ಸುತ್ತಿನಲ್ಲಿ ಕಾಲು ಸೋಲುತ್ತದೆ ಎನ್ನುತ್ತಾಳೆ, ಸಮಯವೂ ಹಿಂದೆ ಬಿದ್ದಿದೆ. ರಕ್ತ ಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ 10.6 ಬಂತು. ಆದರೆ ಕೊರೊನಾ ಕಾಲದಲ್ಲಿ ಕೊಂಡಿದ್ದ ಆಕ್ಸಿಮೀಟರ್ ಬೆರಳಿಗೆ ಹಾಕಿದರೆ 98 ತೋರಿಸುತ್ತದೆ. ಆಮ್ಲಜನಕ ಸರಿಯಾಗಿದ್ದ ಮೇಲೆ ಸುಸ್ತೇಕೆ? ಮೈದಾನದಲ್ಲಿ ಪರಿಚಯವಾದ ಒಬ್ಬರು, ಡಯಾಲಿಸಿಸ್ ರೋಗಿಗಳಿಗೆ ಕೊಡುವ ಇಂಜೆಕ್ಷನ್ ಹಾಕಿಸಿದರೆ ಆರು ವಾರದಲ್ಲಿ 14 ದಾಟುತ್ತದೆ ಎಂದು ಎರಡು ಸಿರಿಂಜ್ ತಂದುಕೊಟ್ಟಿದ್ದಾರೆ. ಅವು ನಮ್ಮ ಫ್ರಿಜ್‌ನಲ್ಲಿವೆ. ಅದು ಬೇಡವಾದರೆ ಅವಳದೇ ರಕ್ತ ತೆಗೆದಿಟ್ಟು ಕೂಟಕ್ಕೆ ಮುಂಚೆ ಮತ್ತೆ ಏರಿಸಬಹುದು, ಸ್ವಂತ ರಕ್ತವಾದ್ದರಿಂದ ತಪ್ಪಾಗುವುದಿಲ್ಲ ಎಂದೂ ಹೇಳುತ್ತಾರೆ. ನಮ್ಮ ಮನೆಯವರಿಗೆ ಇದು ಸರಿಕಾಣುತ್ತಿಲ್ಲ. ಊಟಿಗೆ ಕಳಿಸಿದರೆ ರಕ್ತ ಹೆಚ್ಚುತ್ತದೆ ಎಂಬುದು ನಿಜವೇ? ದಯವಿಟ್ಟು ತಿಳಿಸಿ.
— ಚಿತ್ರದುರ್ಗ ಜಿಲ್ಲೆಯ ಓದುಗರು

ಉತ್ತರ: ನಿಮ್ಮ ಮನೆಯವರಿಗೆ ಅನ್ನಿಸಿದ್ದು ಸರಿಯಾಗಿದೆ. ಆ ಸಿರಿಂಜ್‌ಗಳನ್ನು ಬಳಸಬೇಡಿ. ಅವುಗಳನ್ನು ಏನು ಮಾಡಬೇಕೆಂಬುದನ್ನು ಕೊನೆಯಲ್ಲಿ ಹೇಳುತ್ತೇನೆ. ಮೊದಲು ನಿಮ್ಮನ್ನು ಗೊಂದಲಕ್ಕೆ ಈಡುಮಾಡಿರುವ ಆ ಎರಡು ಅಂಕಿಗಳನ್ನು ನೋಡೋಣ, ಏಕೆಂದರೆ ಉಳಿದ ಪ್ರಶ್ನೆಗಳ ಉತ್ತರವೆಲ್ಲ ಅಲ್ಲಿಂದಲೇ ಹೊರಡುತ್ತದೆ.

ಆಕ್ಸಿಮೀಟರ್ ಅಳೆಯುವುದು ರಕ್ತದಲ್ಲಿರುವ ಆಮ್ಲಜನಕದ ಪ್ರಮಾಣವನ್ನಲ್ಲ. ಇರುವ ಹಿಮೋಗ್ಲೋಬಿನ್‌ನಲ್ಲಿ ನೂರಕ್ಕೆ ಎಷ್ಟು ಭಾಗ ಆಮ್ಲಜನಕದಿಂದ ತುಂಬಿದೆ ಎಂಬುದನ್ನು ಮಾತ್ರ ಅದು ಹೇಳುತ್ತದೆ. ಬಸ್ಸಿನ ಎಲ್ಲ ಸೀಟುಗಳೂ ತುಂಬಿವೆ ಎಂದು ಕಂಡಕ್ಟರ್ ಹೇಳಿದರೆ ಆ ಮಾತು ನಿಜವೇ, ಆದರೆ ಆ ದಾರಿಯಲ್ಲಿ ಹತ್ತು ಬಸ್ಸು ಓಡುತ್ತಿವೆಯೋ ಏಳು ಓಡುತ್ತಿವೆಯೋ ಎಂಬುದು ಅದರಿಂದ ತಿಳಿಯುವುದಿಲ್ಲ. ನಿಮ್ಮ ಮಗಳ ಶ್ವಾಸಕೋಶ ಚೆನ್ನಾಗಿದೆ, ಬಂದ ಬಸ್ಸನ್ನೆಲ್ಲ ತುಂಬಿ ಕಳಿಸುತ್ತಿದೆ. ಬಸ್ಸುಗಳೇ ಕಡಿಮೆಯಾಗಿವೆ.

ಆಮ್ಲಜನಕ ನೀರಿನಲ್ಲಿ ಸುಲಭವಾಗಿ ಕರಗುವ ಅನಿಲವಲ್ಲ. 100 ಮಿಲಿಲೀಟರ್ ರಕ್ತದಲ್ಲಿ ನೇರವಾಗಿ ಕರಗಿರುವುದು ಸುಮಾರು 0.3 ಮಿಲಿಲೀಟರ್ ಮಾತ್ರ. ಉಳಿದದ್ದೆಲ್ಲವೂ ಕೆಂಪು ರಕ್ತಕಣಗಳೊಳಗಿನ ಹಿಮೋಗ್ಲೋಬಿನ್ ಎಂಬ ಪ್ರೋಟೀನಿಗೆ ಅಂಟಿಕೊಂಡು ಸಾಗುತ್ತದೆ. ಒಂದು ಹಿಮೋಗ್ಲೋಬಿನ್ ಅಣುವಿನಲ್ಲಿ ನಾಲ್ಕು ಕಬ್ಬಿಣದ ಪರಮಾಣುಗಳಿದ್ದು, ಒಂದೊಂದೂ ಒಂದು ಆಮ್ಲಜನಕದ ಅಣುವನ್ನು ಹಿಡಿಯುತ್ತದೆ. ಒಂದು ಗ್ರಾಂ ಹಿಮೋಗ್ಲೋಬಿನ್ ಪೂರ್ತಿ ತುಂಬಿದಾಗ ಸುಮಾರು 1.34 ಮಿಲಿಲೀಟರ್ ಆಮ್ಲಜನಕ ಹೊರುತ್ತದೆ. ಲ್ಯಾಬ್ ಕೊಡುವ ಹಿಮೋಗ್ಲೋಬಿನ್ ಅಂಕಿಯೆಂದರೆ 100 ಮಿಲಿಲೀಟರ್ ರಕ್ತದಲ್ಲಿ ಅದು ಎಷ್ಟು ಗ್ರಾಂ ಇದೆ ಎಂಬುದು. ಈ ಲೆಕ್ಕದಲ್ಲಿ 13 ಗ್ರಾಂ ಇರುವ ಹುಡುಗಿಯ 100 ಮಿಲಿಲೀಟರ್ ರಕ್ತ ಸುಮಾರು 17 ಮಿಲಿಲೀಟರ್ ಆಮ್ಲಜನಕವನ್ನು ಒಯ್ದರೆ, 10.6 ಇರುವ ನಿಮ್ಮ ಮಗಳ ರಕ್ತ ಒಯ್ಯುವುದು 14ರಷ್ಟು. ಇಬ್ಬರ ಬೆರಳಿನಲ್ಲೂ ಆಕ್ಸಿಮೀಟರ್ 98 ಎಂದೇ ತೋರಿಸುತ್ತದೆ.

ಕುಳಿತಿರುವಾಗ ಈ ವ್ಯತ್ಯಾಸ ಅವಳಿಗೆ ಗೊತ್ತೇ ಆಗುವುದಿಲ್ಲ. ವಿಶ್ರಾಂತಿಯಲ್ಲಿ ದೇಹ ತನಗೆ ತಲುಪಿದ ಆಮ್ಲಜನಕದಲ್ಲಿ ಕಾಲು ಭಾಗವನ್ನಷ್ಟೇ ಬಳಸಿಕೊಂಡು ಉಳಿದದ್ದನ್ನು ಮರಳಿ ಕಳಿಸುತ್ತದೆ. ಓಡುವಾಗ ಸ್ನಾಯು ಬಿಸಿಯೇರಿ ಅಲ್ಲಿನ ಆಮ್ಲೀಯತೆ ಹೆಚ್ಚುತ್ತದೆ. ಆ ಬಿಸಿ ಮತ್ತು ಹುಳಿಗೆ ಹಿಮೋಗ್ಲೋಬಿನ್ ತನ್ನ ಹಿಡಿತ ಸಡಿಲಿಸಿ ಹೆಚ್ಚು ಆಮ್ಲಜನಕವನ್ನು ಬಿಟ್ಟುಕೊಡುತ್ತದೆ. ಹೃದಯವೂ ನಿಮಿಷಕ್ಕೆ ಐದು ಲೀಟರಿನ ಬದಲು ಹದಿನೈದು ಲೀಟರಿಗೂ ಮೇಲ್ಪಟ್ಟು ರಕ್ತ ನೂಕುತ್ತದೆ. ಹದಿನೈದು ಲೀಟರ್ ಎಂದೇ ಹಿಡಿದರೂ, 100 ಮಿಲಿಲೀಟರಿಗೆ ಮೂರು ಮಿಲಿಲೀಟರ್ ಕೊರತೆಯೆಂದರೆ ನಿಮಿಷಕ್ಕೆ ಅರ್ಧ ಲೀಟರಿನಷ್ಟು ಆಮ್ಲಜನಕ ಕಾಲಿಗೆ ತಲುಪುವುದಿಲ್ಲ. ಮೊದಲ ಎರಡು ಸುತ್ತುಗಳಲ್ಲಿ ಸರಿಯಾಗಿದ್ದು ಕೊನೆಯ ಸುತ್ತಿನಲ್ಲಿ ಸೋಲುವುದು ಇದಕ್ಕೇ. ಅಂದ ಹಾಗೆ, ಕ್ರೀಡಾಂಗಣಗಳ ಬಳಿ ಮಾರುವ ಆಮ್ಲಜನಕದ ಡಬ್ಬಿ, ‘ಆಕ್ಸಿಜನ್ ನೀರು’ ಇವಕ್ಕೆಲ್ಲ ದುಡ್ಡು ಸುರಿಯಬೇಡಿ. ಆಗಲೇ 98 ಭಾಗ ತುಂಬಿರುವ ಹಿಮೋಗ್ಲೋಬಿನ್‌ನಲ್ಲಿ ಇನ್ನು ಹತ್ತಿಸಿಕೊಳ್ಳಲು ಜಾಗವಿರುವುದಿಲ್ಲ.

ಹಾಗಾದರೆ ಬಸ್ಸುಗಳನ್ನೇ ಹೆಚ್ಚಿಸಿದರಾಯಿತಲ್ಲ ಎಂಬುದು ಆ ಪರಿಚಯಸ್ಥರ ವಾದ. ಆ ವಾದದಲ್ಲಿ ಅರ್ಧ ನಿಜವಿದೆ ಎಂಬುದನ್ನು ಮುಚ್ಚಿಡುವುದಿಲ್ಲ. 1972ರಲ್ಲಿ ಸ್ವೀಡನ್ನಿನ ಬ್ಯೋರ್ನ್ ಎಕ್‌ಬ್ಲಾಮ್ ಮತ್ತು ಸಂಗಡಿಗರು ಸ್ವಯಂಸೇವಕರ ರಕ್ತ ತೆಗೆದಿಟ್ಟು, ಕೆಲವು ವಾರಗಳ ನಂತರ ಅದರ ಕೆಂಪು ಕಣಗಳನ್ನು ಅವರಿಗೇ ಏರಿಸಿ, ಅವರು ದಣಿಯುವ ತನಕ ಓಡಬಲ್ಲ ಅವಧಿ ಹೆಚ್ಚಿದ್ದನ್ನು ತೋರಿಸಿದರು. ಫಿನ್ಲೆಂಡಿನ ಸ್ಕೀ ಪಟು ಎಯೆರೊ ಮ್ಯಾಂಟಿರಾಂಟ ಹುಟ್ಟಿನಿಂದಲೇ ಇಂಥ ರಕ್ತ ಪಡೆದಿದ್ದವರು. ಅವರ ಕುಟುಂಬದಲ್ಲಿ ಬಂದ ಒಂದು ಜೀನ್ ಬದಲಾವಣೆಯಿಂದ ಹಿಮೋಗ್ಲೋಬಿನ್ 20 ದಾಟಿತ್ತು, 1964ರ ಇನ್ಸ್‌ಬ್ರುಕ್ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಎರಡು ಚಿನ್ನ ಗೆದ್ದರು. ಕೆಂಪು ಕಣ ಹೆಚ್ಚಿದರೆ ದೂರದ ಓಟಗಾರರಿಗೆ ಬಲ ಬರುತ್ತದೆ ಎಂಬುದು ಸುಳ್ಳಲ್ಲ. ಸುಳ್ಳಿರುವುದು, ನಿಮ್ಮ ಮಗಳಿಗೆ ಬೇಕಾಗಿರುವುದು ಆ ಇಂಜೆಕ್ಷನ್ ಎಂಬಲ್ಲಿ.

ಆ ಸಿರಿಂಜ್‌ನಲ್ಲಿರುವುದು ಎರಿತ್ರೊಪೊಯೆಟಿನ್, ಆಡುಮಾತಿನಲ್ಲಿ ಇಪಿಒ. ಇದು ನಮ್ಮ ಮೂತ್ರಪಿಂಡಗಳೇ ತಯಾರಿಸುವ ಹಾರ್ಮೋನು. ರಕ್ತದಲ್ಲಿ ಆಮ್ಲಜನಕ ಕಡಿಮೆಯಾದುದನ್ನು ಮೂತ್ರಪಿಂಡ ಗಮನಿಸಿ ಈ ಹಾರ್ಮೋನನ್ನು ಹೊರಬಿಡುತ್ತದೆ, ಅದು ಅಸ್ಥಿಮಜ್ಜೆಗೆ ಹೋಗಿ ಇನ್ನಷ್ಟು ಕೆಂಪು ಕಣ ಮಾಡು ಎಂದು ಹೇಳುತ್ತದೆ. ಜೀವಕೋಶಗಳು ಆಮ್ಲಜನಕದ ಕೊರತೆಯನ್ನು ಹೇಗೆ ಗ್ರಹಿಸುತ್ತವೆ ಎಂಬುದನ್ನು ಬಿಡಿಸಿದ ಮೂವರಿಗೆ 2019ರಲ್ಲಿ ನೊಬೆಲ್ ಬಂತು. ಮೂತ್ರಪಿಂಡ ಕೆಟ್ಟವರಲ್ಲಿ ಈ ಸಂದೇಶವೇ ಹೊರಡುವುದಿಲ್ಲ, ಅದಕ್ಕಾಗಿ ಡಯಾಲಿಸಿಸ್ ರೋಗಿಗಳಿಗೆ ಹೊರಗಿನಿಂದ ಕೊಡುತ್ತೇವೆ. ನಿಮ್ಮ ಮಗಳ ಮೂತ್ರಪಿಂಡಗಳು ಆರೋಗ್ಯವಾಗಿದ್ದರೆ, 10.6ರ ಮಟ್ಟದಲ್ಲಿ ಅವು ಆಗಲೇ ಗಟ್ಟಿಯಾಗಿ ಕೂಗುತ್ತಿರುತ್ತವೆ. ಅವಳ ವಯಸ್ಸಿನ ಓಟಗಾರ್ತಿಯರಲ್ಲಿ ಕೊರತೆ ಬಹುತೇಕ ಕಬ್ಬಿಣಾಂಶದ್ದು. ಇಟ್ಟಿಗೆಯೇ ಬಾರದ ಕಡೆ ಗಾರೆಯವನಿಗೆ ಅವಸರ ಮಾಡಿದರೆ ಗೋಡೆ ಏಳುವುದಿಲ್ಲ. ಡಯಾಲಿಸಿಸ್ ಘಟಕಗಳಲ್ಲಿ ಸಹ ಈ ಔಷಧದ ಜೊತೆ ಕಬ್ಬಿಣಾಂಶದ ಇಂಜೆಕ್ಷನ್ ಕೊಡಬೇಕಾಗಿ ಬರುವುದು ಇದಕ್ಕೇ.

ಕಬ್ಬಿಣಾಂಶ ಕಡಿಮೆಯಾದವರ ರಕ್ತವನ್ನು ಗಾಜಿನ ಪಟ್ಟಿಯ ಮೇಲೆ ಸವರಿ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ಒಬ್ಬೊಬ್ಬರದೂ ಒಂದೇ ಕಥೆ ಹೇಳುತ್ತದೆ. ತುಂಬಿದ ಗುಲಾಬಿ ಬಿಲ್ಲೆಗಳಿರಬೇಕಾದ ಕಡೆ ನಡುವೆ ಬೆಳ್ಳಗೆ ಬಿಟ್ಟ ಸಣ್ಣ ಸಣ್ಣ ಬಳೆಗಳು. ಕಣದ ಅಂಚಿನಲ್ಲಷ್ಟೇ ಒಂದಿಷ್ಟು ಹಿಮೋಗ್ಲೋಬಿನ್, ಒಳಗೆ ಖಾಲಿ. ಅಲ್ಲೊಂದು ಇಲ್ಲೊಂದು ಪೆನ್ಸಿಲ್ಲಿನಂತೆ ಉದ್ದಕ್ಕೆ ಎಳೆದ ಕಣ. ಆದರೆ ಒಂದು ಎಚ್ಚರಿಕೆಯಿದೆ: ಹಿಮೋಗ್ಲೋಬಿನ್ ತಯಾರಿಕೆಯಲ್ಲೇ ವಂಶವಾಹಿ ದೋಷವಿರುವ ಥಲಸ್ಸೇಮಿಯಾ ವಾಹಕರ ಕಣಗಳೂ ಸಣ್ಣಗೆ ಪೇಲವವಾಗಿ ಕಾಣುತ್ತವೆ, ಅವರಿಗೆ ಕಬ್ಬಿಣಾಂಶದ ಮಾತ್ರೆ ಉಪಯೋಗಕ್ಕೆ ಬರುವುದಿಲ್ಲ. ಆದ್ದರಿಂದ ಊಹೆಯ ಮೇಲೆ ಮಾತ್ರೆ ಶುರುಮಾಡುವ ಮುನ್ನ ಫೆರಿಟಿನ್ ಪರೀಕ್ಷೆ ಮಾಡಿಸಿ. ಅದು ದೇಹದ ಕಬ್ಬಿಣದ ಕಣಜ ಎಷ್ಟು ತುಂಬಿದೆ ಎಂಬುದನ್ನು ಹೇಳುತ್ತದೆ. 15ಕ್ಕಿಂತ ಕಡಿಮೆಯಿದ್ದರೆ ಕಣಜ ಬರಿದಾಗಿದೆ ಎಂದೇ ಅರ್ಥ. ಕ್ರೀಡಾಪಟುಗಳಲ್ಲಿ 30ಕ್ಕಿಂತ ಕಡಿಮೆ ಬಂದರೂ ನಾನು ಸುಮ್ಮನೆ ಬಿಡುವುದಿಲ್ಲ.

ಕಣಜ ಬರಿದಾಗಲು ಒಂದೇ ಕಾರಣವಿರುವುದಿಲ್ಲ. ಮುಟ್ಟಿನ ಸ್ರಾವ ಹೆಚ್ಚಿದ್ದರೆ ತಿಂಗಳು ತಿಂಗಳೂ ಸೋರಿಕೆಯಾಗುತ್ತದೆ, ಇದನ್ನು ಹೆಣ್ಣುಮಕ್ಕಳು ತಂದೆಯ ಮುಂದೆ ಹೇಳುವುದಿಲ್ಲವಾದ್ದರಿಂದ ತಾಯಿಯೇ ಕೇಳಿ ತಿಳಿದುಕೊಂಡು ವೈದ್ಯರಿಗೆ ಹೇಳುವುದು ಒಳ್ಳೆಯದು. ಗಟ್ಟಿ ನೆಲದ ಮೇಲೆ ಪಾದ ಬಡಿಯುವಾಗ ಅಂಗಾಲಿನಲ್ಲಿ ಒಂದಿಷ್ಟು ಕೆಂಪು ಕಣಗಳು ಒಡೆಯುತ್ತವೆ. ಕಠಿಣ ಓಟದ ನಂತರ ಕೆಲವು ಗಂಟೆಗಳ ಕಾಲ ಹೆಪ್ಸಿಡಿನ್ ಎಂಬ ಹಾರ್ಮೋನು ಏರಿ ಕರುಳಿನಲ್ಲಿ ಕಬ್ಬಿಣ ಒಳಬರುವ ಬಾಗಿಲನ್ನು ಮುಚ್ಚುತ್ತದೆ. ಬರಿಗಾಲಲ್ಲಿ ಹೊಲದ ಬದಿಯಲ್ಲಿ ಅಭ್ಯಾಸ ಮಾಡುವ ಮಕ್ಕಳಲ್ಲಿ ಕರುಳಿನಲ್ಲಿ ರಕ್ತ ಹೀರುವ ಕೊಕ್ಕೆಹುಳು ಇರಬಹುದು. ಇವೆಲ್ಲಕ್ಕಿಂತ ನನ್ನ ಬಳಿ ಬರುವ ಹುಡುಗಿಯರಲ್ಲಿ ಹೆಚ್ಚಾಗಿ ಕಾಣುವುದು, ತೂಕ ಇಳಿದರೆ ವೇಗ ಹೆಚ್ಚುತ್ತದೆಂದು ಯಾರೋ ಹೇಳಿದ ಮಾತಿಗೆ ಊಟ ಕಡಿಮೆ ಮಾಡಿಕೊಂಡಿರುವುದು. ನಿಮ್ಮ ಮಗಳ ತಟ್ಟೆಯ ಕಡೆಗೂ ಒಮ್ಮೆ ನೋಡಿ.

ಈಗ ಅಪಾಯಗಳ ವಿಚಾರ. ಕೆಲವು ವರ್ಷಗಳ ಹಿಂದೆ ಒಬ್ಬ ಹವ್ಯಾಸಿ ಸೈಕಲ್ ಸವಾರರು ವಾರದಿಂದ ತಲೆನೋವು, ಕಣ್ಣು ಮಂಜು ಎಂದು ಬಂದರು. ಮುಖ ಕೆಂಪಗಿತ್ತು, ರಕ್ತದೊತ್ತಡ ಏರಿತ್ತು. ತೋಳಿನಿಂದ ತೆಗೆದ ರಕ್ತ ಸಿರಿಂಜ್‌ಗೆ ಬಂದ ನಿಧಾನವನ್ನು ನೋಡಿಯೇ ನಮ್ಮ ಲ್ಯಾಬಿನ ಹುಡುಗ ತಲೆಯೆತ್ತಿ ನನ್ನ ಮುಖ ನೋಡಿದ. ಆ ರಕ್ತವನ್ನು ಸಣ್ಣ ಗಾಜಿನ ನಳಿಗೆಯಲ್ಲಿ ಹಾಕಿ ಯಂತ್ರದಲ್ಲಿ ಗಿರ್ರನೆ ತಿರುಗಿಸಿದರೆ ಕಣಗಳು ಕೆಳಗೆ ಒತ್ತರಿಸಿ ಮೇಲೆ ಹಳದಿ ಪ್ಲಾಸ್ಮಾ ನಿಲ್ಲುತ್ತದೆ. ಅಂಥ ಗಂಡಸರಲ್ಲಿ ಕೆಂಪು ಭಾಗ ನೂರಕ್ಕೆ ನಲವತ್ತೈದರ ಆಸುಪಾಸಿನಲ್ಲಿರಬೇಕಿತ್ತು. ಅವರ ನಳಿಗೆಯಲ್ಲಿ ಅದು ಐವತ್ತೇಳಕ್ಕೆ ಬಂದು ನಿಂತಿತ್ತು. ಎರಡು ತಿಂಗಳಿಂದ ಇದೇ ಇಂಜೆಕ್ಷನ್ ತಾವೇ ಹಾಕಿಕೊಳ್ಳುತ್ತಿದ್ದುದನ್ನು ಹೇಳಲು ಅವರಿಗೆ ಅರ್ಧ ಗಂಟೆ ಹಿಡಿಯಿತು. ನಾವು ಮಾಡಿದ್ದು ಬಹಳ ಹಳೆಯ ಚಿಕಿತ್ಸೆ: ರಕ್ತವನ್ನೇ ತೆಗೆದುಹಾಕಿದೆವು. ದುಡ್ಡು ಕೊಟ್ಟು ತುಂಬಿಸಿಕೊಂಡಿದ್ದನ್ನು ದುಡ್ಡು ಕೊಟ್ಟೇ ತೆಗೆಸಿಕೊಂಡು ಹೋದರು.

ಕೆಂಪು ಭಾಗ ಹೆಚ್ಚಿದಂತೆ ರಕ್ತದ ಗಾಢತೆ ಸಮವಾಗಿ ಏರುವುದಿಲ್ಲ, ಐವತ್ತು ದಾಟಿದ ಮೇಲೆ ಏರಿಕೆ ಕಡಿದಾಗುತ್ತದೆ. ಬೆವರಿನಿಂದ ನೀರು ಹೋದರೆ ಇನ್ನೂ ಗಟ್ಟಿ. ಕಾಲಿನ ಅಭಿಧಮನಿಯಲ್ಲಿ ಹೆಪ್ಪುಗಟ್ಟುವುದು, ಆ ಹೆಪ್ಪು ಶ್ವಾಸಕೋಶಕ್ಕೆ ಹೋಗುವುದು, ಪಾರ್ಶ್ವವಾಯು, ಹೃದಯಾಘಾತ ಇವು ಪುಸ್ತಕದ ಮಾತುಗಳಲ್ಲ. ಇನ್ನೊಂದು ಅಪಾಯ ಅಪರೂಪವಾದರೂ ಘೋರವಾದುದು: ಹೊರಗಿನಿಂದ ಬಂದ ಇಪಿಒ ವಿರುದ್ಧ ದೇಹ ಪ್ರತಿಕಾಯಗಳನ್ನು ಬೆಳೆಸಿ, ಅವು ಸ್ವಂತ ಹಾರ್ಮೋನನ್ನೂ ನಿಷ್ಕ್ರಿಯಗೊಳಿಸಿ, ಮಜ್ಜೆ ಕೆಂಪು ಕಣ ಮಾಡುವುದನ್ನೇ ನಿಲ್ಲಿಸಿಬಿಡಬಹುದು. ಈ ಔಷಧವನ್ನು 2ರಿಂದ 8 ಡಿಗ್ರಿ ತಂಪಿನಲ್ಲೇ ಸಾಗಿಸಬೇಕು. ನಿಮ್ಮ ಮನೆಗೆ ಬಂದ ಸಿರಿಂಜ್ ಅದಕ್ಕೂ ಮುಂಚೆ ಯಾರ ಜೇಬಿನಲ್ಲಿ ಎಷ್ಟು ಹೊತ್ತು ಬಿಸಿಲು ಕಂಡಿತ್ತೋ ಯಾರು ಬಲ್ಲರು. ಒಂದು ಮಾತನ್ನು ನ್ಯಾಯವಾಗಿ ಹೇಳಬೇಕು. 1980ರ ದಶಕದ ಕೊನೆಯಲ್ಲಿ ಹಾಲೆಂಡ್ ಮತ್ತು ಬೆಲ್ಜಿಯಂನ ಸೈಕಲ್ ಪಟುಗಳು ಸಾಲಾಗಿ ನಿದ್ದೆಯಲ್ಲೇ ಸತ್ತಿದ್ದು ಇಪಿಒನಿಂದಲೇ ಎಂಬ ಕಥೆ ಎಲ್ಲೆಡೆ ಓಡಾಡುತ್ತದೆ, ಅದು ಸಾಬೀತಾಗಿಲ್ಲ. ಅಂಥ ಕಥೆಯ ಆಸರೆಯಿಲ್ಲದೆಯೂ ಈ ಔಷಧಕ್ಕೆ ಹೆದರಲು ಸಾಕಷ್ಟು ಕಾರಣಗಳಿವೆ.

‘ಸ್ವಂತ ರಕ್ತ’ದ ವಾದ ಇನ್ನೂ ಮೋಹಕವಾದದ್ದು, ಆದ್ದರಿಂದ ಇನ್ನೂ ಎಚ್ಚರ ಬೇಕು. ಒಂದು ಕಾಲಕ್ಕೆ ಇದು ನಿಯಮದಲ್ಲಿ ನಿಷಿದ್ಧವಾಗಿರಲಿಲ್ಲ. 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಅಮೆರಿಕದ ಏಳು ಸೈಕಲ್ ಪಟುಗಳು ತಂಗುಕೋಣೆಯಲ್ಲಿ ರಕ್ತ ಏರಿಸಿಕೊಂಡಿದ್ದರು. ತಮ್ಮದೇ ರಕ್ತ ತೆಗೆದಿಡಲು ಸಮಯವಿಲ್ಲದೆ ಕೆಲವರು ಬಂಧುಗಳ ರಕ್ತ ಪಡೆದರು, ಕೆಲವರು ಕಾಯಿಲೆಯೂ ಬಿದ್ದರು. ಆ ಗಲಾಟೆಯ ನಂತರವೇ ನಿಷೇಧ ಬಂತು. ಇಂದು ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆಯಾದ ವಾಡಾದ ಪಟ್ಟಿಯಲ್ಲಿ ಸ್ವಂತದ್ದಾಗಲಿ ಬೇರೆಯವರದ್ದಾಗಲಿ, ಕೆಂಪು ಕಣಗಳನ್ನು ಎಷ್ಟೇ ಪ್ರಮಾಣದಲ್ಲಿ ಮರಳಿ ಏರಿಸುವುದು ಕೂಟದ ಒಳಗೂ ಹೊರಗೂ ನಿಷಿದ್ಧ. ವೈದ್ಯಕೀಯವಾಗಿ ನೋಡಿದರೆ ಇನ್ನೂ ಕೆಟ್ಟದ್ದು. ಇಟಲಿಯ ಸೈಕಲ್ ಪಟು ರಿಕಾರ್ಡೊ ರಿಕ್ಕೊ 2011ರಲ್ಲಿ ಮೂತ್ರಪಿಂಡ ಕೈಕೊಟ್ಟು ಆಸ್ಪತ್ರೆ ಸೇರಿದಾಗ, 25 ದಿನ ಫ್ರಿಜ್‌ನಲ್ಲಿಟ್ಟ ತನ್ನದೇ ರಕ್ತ ಏರಿಸಿಕೊಂಡಿದ್ದಾಗಿ ವೈದ್ಯರಿಗೆ ಹೇಳಿದ್ದು ವರದಿಯಾಯಿತು. ನಂತರ ಆತ ನಿರಾಕರಿಸಿದರೂ 2012ರಲ್ಲಿ 12 ವರ್ಷಗಳ ನಿಷೇಧ ಬಂತು. ರಕ್ತನಿಧಿಯಲ್ಲಿ ನಾವು ಒಂದು ಚೀಲ ರಕ್ತವನ್ನು ಕಾಯುವ ರೀತಿಯನ್ನು ಹಾಲು ಮೊಸರಿನ ಪಕ್ಕ ಇಟ್ಟು ಕಾಯಲಾಗದು. ಇನ್ನು ನಿಮ್ಮ ಮಗಳ ವಿಚಾರಕ್ಕೆ ಬಂದರೆ, 350 ಮಿಲಿಲೀಟರ್ ರಕ್ತ ತೆಗೆದರೆ ಅದರ ಜೊತೆ ನೂರಕ್ಕೂ ಹೆಚ್ಚು ಮಿಲಿಗ್ರಾಂ ಕಬ್ಬಿಣ ಹೊರಟುಹೋಗುತ್ತದೆ. 10.6 ಇರುವವರಿಂದ ಯಾವ ರಕ್ತನಿಧಿಯೂ ದಾನ ತೆಗೆದುಕೊಳ್ಳುವುದಿಲ್ಲ.

ಸಿಕ್ಕಿಬೀಳುವುದಿಲ್ಲ ಎಂಬ ಭರವಸೆಯನ್ನೂ ಕೊಟ್ಟಿರಬಹುದು. ಔಷಧದ ಇಪಿಒವನ್ನು ಹೆಚ್ಚಾಗಿ ಹ್ಯಾಮ್‌ಸ್ಟರ್ ಎಂಬ ಇಲಿಜಾತಿಯ ಪ್ರಾಣಿಯ ಜೀವಕೋಶಗಳಲ್ಲಿ ಬೆಳೆಸುತ್ತಾರೆ. ಅದರ ಮೇಲಿನ ಸಕ್ಕರೆಯ ಸರಪಣಿ ಮನುಷ್ಯನದರಂತೆ ಇರುವುದಿಲ್ಲವಾದ್ದರಿಂದ ಮೂತ್ರ ಪರೀಕ್ಷೆಯಲ್ಲಿ ಎರಡನ್ನೂ ಬೇರ್ಪಡಿಸಬಹುದು. 2000ದ ಸಿಡ್ನಿ ಒಲಿಂಪಿಕ್ಸ್‌ನಿಂದ ಈ ಪರೀಕ್ಷೆ ಬಳಕೆಯಲ್ಲಿದೆ. 2002ರ ಸಾಲ್ಟ್ ಲೇಕ್ ಸಿಟಿ ಕೂಟದಲ್ಲಿ ಯೊಹಾನ್ ಮ್ಯೂಲೆಗ್ ಮತ್ತು ಇಬ್ಬರು ರಷ್ಯನ್ ಸ್ಕೀ ಪಟುಗಳು ಆಗಷ್ಟೇ ಮಾರುಕಟ್ಟೆಗೆ ಬಂದಿದ್ದ, ಇಪಿಒ ಜಾತಿಯದೇ ಆದ ಡಾರ್ಬೆಪೊಯೆಟಿನ್ ಎಂಬ ಔಷಧ ಬಳಸಿ ಸಿಕ್ಕಿಬಿದ್ದರು. ಸ್ವಂತ ರಕ್ತಕ್ಕೆ ಅಂಥ ನೇರ ಪರೀಕ್ಷೆಯಿಲ್ಲ, ಆದರೆ ಅದು ತನ್ನ ಗುರುತು ಬಿಡದೆ ಹೋಗುವುದಿಲ್ಲ. ರಕ್ತ ತೆಗೆದಾಗ ಮಜ್ಜೆ ಎಚ್ಚೆತ್ತು ಎಳೆಯ ಕೆಂಪು ಕಣಗಳನ್ನು ಹೊರಬಿಡುತ್ತದೆ, ಮರಳಿ ಏರಿಸಿದಾಗ ಸಾಕೆಂದು ಕೈಕಟ್ಟಿ ಕೂರುತ್ತದೆ. ಹಿಮೋಗ್ಲೋಬಿನ್ ಹೆಚ್ಚಿದ್ದೂ ಎಳೆಯ ಕಣಗಳು ಕಡಿಮೆಯಿದ್ದರೆ ನೋಡಿದವರಿಗೆ ಸಂಶಯ ಬಾರದೇ ಇರದು. ಒಬ್ಬರ ರಕ್ತದ ಇಂಥ ಅಂಕಿಗಳನ್ನು ವರ್ಷಗಟ್ಟಲೆ ಒಂದರ ಪಕ್ಕ ಒಂದು ಇಟ್ಟು ನೋಡುವುದನ್ನೇ ಜೈವಿಕ ಪಾಸ್‌ಪೋರ್ಟ್ ಎನ್ನುತ್ತಾರೆ. ಇಪಿಒ ಸಿಕ್ಕಿದರೆ ಸಾಮಾನ್ಯವಾಗಿ ನಾಲ್ಕು ವರ್ಷ ನಿಷೇಧ. ಹದಿನೇಳರ ಹುಡುಗಿಗೆ ನಾಲ್ಕು ವರ್ಷ ಎಂದರೆ ಬಹುಪಾಲು ಅವಳ ಓಟವೇ ಮುಗಿದಂತೆ.

ಊಟಿಯ ಪ್ರಶ್ನೆಗೆ ಉತ್ತರ ಹೌದು ಮತ್ತು ಇಲ್ಲ. ಊಟಿ ಸಮುದ್ರಮಟ್ಟದಿಂದ ಸುಮಾರು 2240 ಮೀಟರ್ ಎತ್ತರದಲ್ಲಿದೆ, 1968ರ ಒಲಿಂಪಿಕ್ಸ್ ನಡೆದ ಮೆಕ್ಸಿಕೊ ನಗರವೂ ಹೆಚ್ಚುಕಡಿಮೆ ಅಷ್ಟೇ ಎತ್ತರ. ಅಲ್ಲಿ ಮೂರ್ನಾಲ್ಕು ವಾರ ಇದ್ದರೆ ಮೂತ್ರಪಿಂಡ ತಾನಾಗಿಯೇ ಇಪಿಒ ಹೆಚ್ಚಿಸುತ್ತದೆ, ಕೆಂಪು ಕಣಗಳು ಒಂದಿಷ್ಟು ಏರುತ್ತವೆ, ನಿಯಮದಲ್ಲೂ ತಪ್ಪಿಲ್ಲ. ನಮ್ಮ ದೇಶದ ಓಟಗಾರರು ಅಲ್ಲಿ ಶಿಬಿರ ಹೂಡುವುದು ಇದಕ್ಕಾಗಿಯೇ. ಆದರೆ ಕಬ್ಬಿಣದ ಕಣಜ ಬರಿದಾದವರಿಗೆ ಊಟಿಯಿಂದ ಸಿಗುವುದು ಚಳಿ ಮಾತ್ರ. ಬೆಂಗಳೂರಿನ 920 ಮೀಟರ್, ಮಡಿಕೇರಿಯ 1150 ಮೀಟರ್ ಇವು ಈ ಕೆಲಸಕ್ಕೆ ಸಾಲುವುದಿಲ್ಲ.

ಫೆರಿಟಿನ್ ಕಡಿಮೆ ಬಂದರೆ ಮೊದಲ ದಾರಿ ಮಾತ್ರೆ. ದಿನಕ್ಕೆ ಎರಡು ಮೂರು ನುಂಗಿಸುವುದಕ್ಕಿಂತ ದಿನ ಬಿಟ್ಟು ದಿನ ಒಂದು ಕೊಟ್ಟರೆ ದೇಹ ಅದನ್ನು ಚೆನ್ನಾಗಿ ಹೀರಿಕೊಳ್ಳುತ್ತದೆ, ಹೊಟ್ಟೆಯೂ ಕಡಿಮೆ ಕೆಡುತ್ತದೆ. ಬೆಳಿಗ್ಗೆ ಅಭ್ಯಾಸಕ್ಕೆ ಮುಂಚೆ ಅಥವಾ ಮುಗಿದ ಅರ್ಧ ಗಂಟೆಯೊಳಗೆ, ನಿಂಬೆ ಶರಬತ್ತಿನ ಜೊತೆ ಕೊಡಿ. ಕಾಫಿ, ಟೀ, ಹಾಲು ಅದಕ್ಕೆ ಒಂದೆರಡು ಗಂಟೆ ದೂರವಿರಲಿ. ಮಲ ಕಪ್ಪಗಾಗುತ್ತದೆ, ಅದಕ್ಕೆ ಗಾಬರಿ ಬೇಡ. ನಾಲ್ಕು ವಾರಗಳಲ್ಲಿ ಹಿಮೋಗ್ಲೋಬಿನ್ ಒಂದು ಗ್ರಾಂನಷ್ಟಾದರೂ ಏರಬೇಕು. 12 ದಾಟಿತೆಂದು ಮಾತ್ರೆ ನಿಲ್ಲಿಸುವುದು ಎಲ್ಲರೂ ಮಾಡುವ ತಪ್ಪು, ಕಣಜ ತುಂಬಲು ಅದರ ಮೇಲೆ ಇನ್ನೂ ಮೂರು ತಿಂಗಳು ಬೇಕು. ಬೀಟ್ರೂಟ್ ಕೆಂಪಗಿರುವುದರಿಂದ ರಕ್ತವಾಗುತ್ತದೆ ಎಂಬ ನಂಬಿಕೆಗೆ ಆಧಾರವಿಲ್ಲ, ಆದರೆ ತಿಂದರೆ ನಷ್ಟವೂ ಇಲ್ಲ. ರಾಗಿಯಲ್ಲಿ ಕಬ್ಬಿಣವಿದೆ, ಮೊಳಕೆ ಕಟ್ಟಿ ಹಿಟ್ಟು ಮಾಡಿದರೆ ಹೆಚ್ಚು ದಕ್ಕುತ್ತದೆ. ಹುರಳಿಕಾಳು, ಸೊಪ್ಪಿನ ಜೊತೆ ನೆಲ್ಲಿಕಾಯಿಯೋ ನಿಂಬೆಯೋ ಇರಲಿ. ಮಾಂಸ ತಿನ್ನುವ ಮನೆಯಾದರೆ ಅದರ ಕಬ್ಬಿಣವೇ ಎಲ್ಲಕ್ಕಿಂತ ಸುಲಭವಾಗಿ ಮೈಗೂಡುತ್ತದೆ. ಊಟದಿಂದ ಮಾತ್ರ 10.6 ಅನ್ನು ಸರಿಪಡಿಸುತ್ತೇವೆ ಎಂದು ಹೊರಟರೆ ಈ ವರ್ಷದ ಕೂಟಗಳೆಲ್ಲ ಮುಗಿದಿರುತ್ತವೆ.

ಮಾತ್ರೆ ಒಗ್ಗದಿದ್ದರೆ, ಏರಿಕೆ ಕಾಣದಿದ್ದರೆ ರಕ್ತನಾಳಕ್ಕೆ ಕಬ್ಬಿಣಾಂಶ ಕೊಡಬಹುದು. ಕಬ್ಬಿಣ ನಿಷಿದ್ಧ ವಸ್ತುವಲ್ಲ, ಆದರೆ 12 ಗಂಟೆಗಳಲ್ಲಿ 100 ಮಿಲಿಲೀಟರ್‌ಗಿಂತ ಹೆಚ್ಚು ಡ್ರಿಪ್ ಏರಿಸುವುದು ಆಸ್ಪತ್ರೆಯ ಚಿಕಿತ್ಸೆಯ ಭಾಗವಲ್ಲದಿದ್ದರೆ ನಿಷಿದ್ಧ. ಆದ್ದರಿಂದ ಅದನ್ನು ಆಸ್ಪತ್ರೆಯಲ್ಲೇ, ಅಲರ್ಜಿಯಾದರೆ ನೋಡಿಕೊಳ್ಳುವವರಿರುವಲ್ಲಿ, ಕೇಸ್ ಶೀಟ್ ಸಮೇತ ಮಾಡಿಸಿ ಕಾಗದಗಳನ್ನು ಇಟ್ಟುಕೊಳ್ಳಿ. ಅಲ್ಲಿಯವರೆಗೆ ಅವಳು ಓಟವನ್ನು ಪೂರ್ತಿ ಬಿಡಬೇಕಾಗಿಲ್ಲ, ನಿಧಾನದ ಓಟ ಇರಲಿ, ವೇಗದ ಸುತ್ತುಗಳನ್ನು ಎಂಟು ವಾರ ಮುಂದೂಡಲಿ. ಎದೆ ನೋವು, ತಲೆಸುತ್ತು, ಕುಳಿತಾಗಲೂ ಎದೆ ಹೊಡೆದುಕೊಳ್ಳುವುದು ಕಂಡರೆ ಕಾಯಬೇಡಿ.

ಇನ್ನು ಫ್ರಿಜ್‌ನಲ್ಲಿರುವ ಆ ಎರಡು ಸಿರಿಂಜ್‌ಗಳು. ನಿಷಿದ್ಧ ಔಷಧವನ್ನು ಬಳಸುವುದಷ್ಟೇ ಅಲ್ಲ, ಇಟ್ಟುಕೊಳ್ಳುವುದೂ ಉಲ್ಲಂಘನೆ, ಮತ್ತು ಆ ನಿಯಮ ಕ್ರೀಡಾಪಟುವಿಗೆ ನೆರವಾಗುವ ತಂದೆತಾಯಿಗೂ ಅನ್ವಯಿಸುತ್ತದೆ. ಕ್ರೀಡಾಪಟುವಿಗೆ ಅದನ್ನು ಕೊಟ್ಟವರಿಗೆ ನಾಲ್ಕು ವರ್ಷದಿಂದ ಆಜೀವ ನಿಷೇಧದವರೆಗೆ ಶಿಕ್ಷೆಯಿದೆ. ಅವುಗಳನ್ನು ತಂದವರಿಗೆ ಹಿಂದಿರುಗಿಸಬೇಡಿ, ಅವರು ಇನ್ನೊಂದು ಮಗುವಿನ ಮನೆಗೆ ಒಯ್ಯುತ್ತಾರೆ. ಕಸದ ಬುಟ್ಟಿಗೂ ಹಾಕಬೇಡಿ, ಸೂಜಿ ಯಾರಿಗಾದರೂ ಚುಚ್ಚೀತು. ನಾಳೆ ಫೆರಿಟಿನ್ ಪರೀಕ್ಷೆಗೆ ಮಗಳನ್ನು ಕರೆದುಕೊಂಡು ಹೋಗುವಾಗ ಮುಚ್ಚಳ ತೆಗೆಯದೆ ಡಬ್ಬಿಯಲ್ಲಿಟ್ಟು ಒಯ್ದು, ವೈದ್ಯರಿಗೆ ಎಲ್ಲವನ್ನೂ ಹೇಳಿ, ಆಸ್ಪತ್ರೆಯ ಸೂಜಿ ತ್ಯಾಜ್ಯದ ಡಬ್ಬಿಗೆ ಅವರ ಕೈಯಿಂದಲೇ ಹಾಕಿಸಿ ಬನ್ನಿ.